ನೇಗಿಲು ಮುಟ್ಟದವಳ ಗದ್ದೆ

ಗುತ್ತಿಗಾರು
೧೨-೨-೧೯೭೭

ಅಣ್ಣನಿಗೆ ಪಂಕಜಾಕ್ಷಿಯ ನಮಸ್ಕಾರಗಳು.

ಮೊದಲು ಕ್ಷೇಮ ಸಮಾಚಾರ ಬರೆಯಬೇಕೆಂದು ನನಗೂ ಗೊತ್ತಿದೆ. ಮಗಳು ಅಮ್ಮು ಚೆನ್ನಾಗಿದ್ದಾಳೆ, ದನ ಕರು ಹಾಕಿದೆ, ಇಷ್ಟು ಸಾಕು. ಈಗ ನಾನು ಕೇಳುವುದಕ್ಕೆ ಉತ್ತರ ಕೊಡಿ.

ನಿನ್ನೆ ಗ್ರಾಮಚಾವಡಿಯ ಉಗ್ರಾಣಿ ಸುಳ್ಯದ ಕಚೇರಿಯ ನೋಟೀಸು ಹಿಡಿದುಕೊಂಡು ಗದ್ದೆಗೇ ಬಂದ. ನಾನು ನೀರು ಕಟ್ಟುತ್ತಿದ್ದೆ. "ದೇರಣ್ಣನವರು ಉಂಟಾ?" ಎಂದು ಕೇಳಿದ. "ಅವರು ಪುತ್ತೂರಿನಲ್ಲಿ ಇರುದು, ಎಂತ ವಿಷಯ?" ಎಂದೆ. "ಅವರು ಈ ಗದ್ದೆಗೆ ಡಿಕ್ಲರೇಶನ್ ಕೊಟ್ಟಿದ್ದಾರಲ್ಲ ಅಕ್ಕಾ, ಅದರದ್ದು. ನಿಮಗೆ ಗೊತ್ತಿಲ್ವಾ?" ಎಂದ. ಅವನ ಎದುರು ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಗೊತ್ತುಂಟು ಎಂದೆ.

ಗೇಣಿಗೆ ಬೇಸಾಯ ಮಾಡುವವರು ಸರಕಾರಕ್ಕೆ ಡಿಕ್ಲರೇಶನ್ ಕೊಟ್ಟರೆ ಗದ್ದೆ ಅವರದ್ದೇ ಆಗುತ್ತದೆ ಎಂದು ನಾನೇ ಅಲ್ಲವೇ ನಿಮಗೆ ಮೊದಲು ಹೇಳಿದ್ದು? "ನೀನು ಸುಮ್ಮನಿರು, ನಾನು ನೋಡಿಕೊಳ್ಳುತ್ತೇನೆ" ಎಂದಿರಿ. ನಾನು ಸುಮ್ಮನಿದ್ದೆ. ನೀವು ನೋಡಿಕೊಂಡದ್ದು ಇದು! ನನಗೆ ಒಂದು ಮಾತು ಹೇಳದೆ ನಿಮ್ಮ ಹೆಸರಿನಲ್ಲಿ ಕೊಟ್ಟು ಬಂದಿದ್ದೀರಿ. ಮದುವೆಯಾಗಿ, ಅಡಿಕೆ ಮಂಡಿಯ ಗುಮಾಸ್ತರಾಗಿ ಪುತ್ತೂರು ಸೇರಿದ ಮೇಲೆ ಈ ಗದ್ದೆಯ ಕೆಸರು ನಿಮ್ಮ ಕಾಲಿಗೆ ಎಂದಾದರೂ ತಾಗಿದೆಯೇ? ಯಾವ ಬಾಯಲ್ಲಿ "ಸ್ವಂತ ಸಾಗುವಳಿ" ಎಂದು ಬರೆಸಿದಿರಿ?

ಅತ್ತಿಗೆಗೂ ಮಕ್ಕಳಿಗೂ ನನ್ನ ನೆನಪು ಹೇಳಿ. ಉತ್ತರ ಬೇಗ ಬರೆಯಿರಿ.

ನಿಮ್ಮ ತಂಗಿ
ಪಂಕಜಾಕ್ಷಿ


ಪುತ್ತೂರು
೩-೩-೧೯೭೭

ತಂಗಿ ಪಂಕಜಾಕ್ಷಿಗೆ ಅಣ್ಣನ ಆಶೀರ್ವಾದಗಳು.

ನಿನ್ನ ಕಾಗದವನ್ನು ನಿನ್ನ ಅತ್ತಿಗೆಯ ಎದುರು ಒಡೆದದ್ದು ನನ್ನ ತಪ್ಪು. ಊರಿಂದ ಕಾಗದ ಬಂತೆಂದು ಸಂತೋಷದಿಂದ ಗಟ್ಟಿಯಾಗಿ ಓದಲು ಹೊರಟವನು ಅರ್ಧದಲ್ಲಿ ಕೆಮ್ಮು ಬಂದವನಂತೆ ನಿಲ್ಲಿಸಬೇಕಾಯಿತು.

ಸ್ವಲ್ಪ ತಾಳ್ಮೆಯಿಂದ ಕೇಳು. ಗೇಣಿ ರಶೀದಿ ಯಾರ ಹೆಸರಿನಲ್ಲಿದೆ? ಅಮ್ಮ ತೀರಿಕೊಂಡ ಮೇಲೆ ತ್ಯಾಂಪಣ್ಣ ಧನಿಗಳು, "ಹೆಂಗಸಿನ ಹೆಸರಿಗೆ ರಶೀದಿ ಬರೆಯುದು ನಮ್ಮಲ್ಲಿ ಕ್ರಮ ಇಲ್ಲ, ಯಜಮಾನನನ್ನು ಕಳಿಸು" ಎಂದದ್ದು ನಿನಗೆ ಮರೆತಿದೆಯೇ? ಆ ದಿನದಿಂದ ರಶೀದಿ ನನ್ನ ಹೆಸರಿಗೆ. ಕಚೇರಿಯವರು ರಶೀದಿ ನೋಡುತ್ತಾರೆಯೇ ಹೊರತು ಯಾರ ಕಾಲಿನಲ್ಲಿ ಕೆಸರಿದೆ ಎಂದು ನೋಡುವುದಿಲ್ಲ. ನಿನ್ನ ಹೆಸರಿನಲ್ಲಿ ಕೊಟ್ಟಿದ್ದರೆ ಮೊದಲ ದಿನವೇ ಮೂಲೆಗೆ ಎಸೆಯುತ್ತಿದ್ದರು.

ಯಾರ ಹೆಸರಾದರೇನು? ಉಣ್ಣುವವಳು ನೀನು. ನೀನು ಇರುವಷ್ಟು ದಿನ ನಿನ್ನನ್ನು ಅಲ್ಲಿಂದ ಎಬ್ಬಿಸುವವರು ಯಾರು? ಬಿಸಿಲಿನಲ್ಲಿ ಹೆಚ್ಚು ನಿಲ್ಲಬೇಡ. ಅಮ್ಮುವಿಗೆ ಒಂದು ಲಂಗದ ಬಟ್ಟೆ ಬಸ್ಸಿನಲ್ಲಿ ಕಳುಹಿಸುತ್ತೇನೆ.

ದೇರಣ್ಣ


ಗುತ್ತಿಗಾರು
೧೯-೪-೧೯೭೭

ಅಣ್ಣನಿಗೆ ನಮಸ್ಕಾರಗಳು.

ಬಟ್ಟೆ ತಲುಪಿತು. ಬಣ್ಣ ಚೆನ್ನಾಗಿದೆ. ಅಮ್ಮು ಕುಣಿದಳು.

"ನೀನು ಇರುವಷ್ಟು ದಿನ ಎಬ್ಬಿಸುವವರು ಯಾರು" ಎಂದು ಬರೆದಿದ್ದೀರಿ. ಧನಿಗಳ ಅಪ್ಪ ನಮ್ಮ ಅಮ್ಮನಿಗೆ ಹೇಳುತ್ತಿದ್ದುದೂ ಇದನ್ನೇ. ಆ ಮಾತನ್ನು ನಂಬಿ ಅಮ್ಮ ಪ್ರತಿ ಹಬ್ಬಕ್ಕೂ ಬಾಳೆಗೊನೆ, ಮುಳ್ಳುಸೌತೆ ಹೊತ್ತುಕೊಂಡು ಹೋಗಿ ಅವರ ಅಂಗಳದಲ್ಲಿ ಇಟ್ಟು ಬಂದಳು. ಇನ್ನು ನಾನು ಪುತ್ತೂರಿಗೆ ಹೊತ್ತು ತರಬೇಕೇ?

ನಮ್ಮದು ಅಳಿಯಸಂತಾನದ ಮನೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ, ನನ್ನಿಂದ ಅಮ್ಮುವಿಗೆ ನಡೆಯಬೇಕಾದದ್ದು. ಯಜಮಾನ ಎಂದರೆ ನೋಡಿಕೊಳ್ಳುವವರು ಎಂದು ನಾನು ತಿಳಿದಿದ್ದೆ. ಆದರೆ ಈಗಿನ ಕಾನೂನಿನಲ್ಲಿ ನಿಮ್ಮ ಹೆಸರಿಗೆ ಬಂದ ಭೂಮಿ ನಿಮ್ಮ ನಂತರ ಅತ್ತಿಗೆಗೂ ನಿಮ್ಮ ಮಕ್ಕಳಿಗೂ ಹೋಗುತ್ತದಂತೆ. ಶಾಲೆಯ ರಾಧಾಕೃಷ್ಣ ಮಾಸ್ತರರು ಬಿಡಿಸಿ ಹೇಳಿದರು. ನಿಮ್ಮ ಮಕ್ಕಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಕಳೆದ ರಜೆಯಲ್ಲಿ ಬಂದಾಗ ನಿಮ್ಮ ಉದಯಶಂಕರ ನೆಡಲು ಬೆಳೆಸಿದ್ದ ನೇಜಿಯನ್ನು ಹುಲ್ಲೆಂದು ಕಿತ್ತು ಕರುವಿಗೆ ಹಾಕಿದ್ದ. ಗದ್ದೆ ಅವನ ಕೈಗೆ ಹೋಗಿ, ಅಮ್ಮು ಅವನ ಬಾಗಿಲಲ್ಲಿ ನಿಲ್ಲಬೇಕೇ?

ನನ್ನ ಹೆಸರನ್ನೂ ಸೇರಿಸಿ. ಬೇರೇನೂ ಬೇಡ. ಕಚೇರಿಗೆ ಹೋಗಿ ಒಂದು ಅರ್ಜಿ ಬರೆದು ಕೊಟ್ಟರೆ ಆಗುತ್ತದೆ ಎಂದು ಮಾಸ್ತರರು ಹೇಳುತ್ತಾರೆ.

ಪಂಕಜಾಕ್ಷಿ


ಪುತ್ತೂರು
೯-೭-೧೯೭೯

ಪಂಕಜಾಕ್ಷಿಗೆ,

ಮಂಡಿಗೆ ಬಂದ ಸುಳ್ಯದವರೊಬ್ಬರು ಎಲ್ಲರೆದುರು, "ಎಂತ ದೇರಣ್ಣ, ಅಣ್ಣ ತಂಗಿ ಪೈಪೋಟಿಯಾ?" ಎಂದು ನಕ್ಕಾಗಲೇ ನನಗೆ ವಿಷಯ ತಿಳಿದದ್ದು. ಕೊನೆಯ ತಾರೀಕಿಗೆ ಸರಿಯಾಗಿ ಹೋಗಿ ನೀನೂ ಡಿಕ್ಲರೇಶನ್ ಕೊಟ್ಟಿದ್ದೀಯಂತೆ! ಅದೇ ಗದ್ದೆಗೆ! ಆ ಮಾಸ್ತರನಿಗೆ ಪಾಠ ಮಾಡುವ ಕೆಲಸ ಇಲ್ಲವೇ?

ನಿನಗೆ ಗೊತ್ತಿದೆಯೇ ಏನು ಮಾಡಿದ್ದೀ ಎಂದು? ಧನಿಗಳು ಈಗ ಹೇಳಿಕೊಂಡು ತಿರುಗುತ್ತಿದ್ದಾರೆ: "ಒಂದು ಗದ್ದೆಗೆ ಇಬ್ಬರು ಒಕ್ಕಲು ಎಂದರೆ ಇಬ್ಬರೂ ಸುಳ್ಳು. ಗದ್ದೆ ನಾನೇ ಕೂಲಿ ಕೊಟ್ಟು ಮಾಡಿಸುದು." ನಾವು ಕಚ್ಚಾಡಿದರೆ ಸುಳ್ಯದ ಭೂನ್ಯಾಯ ಮಂಡಳಿಯವರು ಎರಡನ್ನೂ ತಳ್ಳಿ ಹಾಕುತ್ತಾರೆ. ಆಗ ಗದ್ದೆ ನನಗೂ ಇಲ್ಲ, ನಿನಗೂ ಇಲ್ಲ, ಅಮ್ಮುವಿಗೂ ಇಲ್ಲ. ಇಬ್ಬರ ಜಗಳದಲ್ಲಿ ಮೂರನೆಯವರ ಕಣಜ ತುಂಬುತ್ತದೆ.

ಹೆಸರು ಸೇರಿಸು ಎಂದು ನೀನು ಬರೆದಾಗ ನಾನು ಇಲ್ಲ ಎಂದೆನೇ? ಮಂಡಿಯಲ್ಲಿ ರಜೆ ಸಿಗಲಿಲ್ಲ. ಅಷ್ಟೇ. ಈಗ ನೀನು ಕೊಟ್ಟದ್ದನ್ನು ವಾಪಸು ತೆಗೆದುಕೋ. ಊರವರ ಬಾಯಿಗೆ ತುತ್ತಾಗಿದ್ದು ಸಾಕು.

ದೇರಣ್ಣ


ಗುತ್ತಿಗಾರು
೨-೮-೧೯೭೯

ಅಣ್ಣನಿಗೆ,

ಎರಡು ವರ್ಷಗಳಲ್ಲಿ ಒಂದು ದಿನ ರಜೆ ಸಿಗದ ಮಂಡಿ ಯಾವುದಪ್ಪ ಅದು? ಅತ್ತಿಗೆಯ ತಮ್ಮನ ಮದುವೆಗೆ ಮರ್ಕಂಜದಲ್ಲಿ ನಾಲ್ಕು ದಿನ ಕೂತಿದ್ದಿರಿ. ಸುಳ್ಯ ದಾಟಿಯೇ ಹೋಗಿದ್ದಿರಿ.

ಒಬ್ಬರು ಹಿಂದೆ ಸರಿಯಬೇಕಾದರೆ ನೀವೇ ಸರಿಯಿರಿ. ನಿಮಗೆ ತಿಂಗಳ ಸಂಬಳ ಇದೆ. ನನಗೆ ಇರುವುದು ಈ ಗದ್ದೆ. ಊರಿನ ಅಷ್ಟೂ ಜನ ಬಂದು ಬುದ್ಧಿ ಹೇಳಿಹೋದರು. "ಅಣ್ಣನ ಮೇಲೆ ಹೋಗುದಾ ಪಂಕಜಕ್ಕ?" ಎಂದು ನನ್ನನ್ನು ಕೇಳಿದರು. "ತಂಗಿಗೆ ಬಿಟ್ಟುಕೊಡುದಲ್ವಾ ದೇರಣ್ಣ?" ಎಂದು ನಿಮ್ಮನ್ನು ಕೇಳಿದವರು ಒಬ್ಬರಾದರೂ ಇದ್ದರೆ ಹೆಸರು ಬರೆಯಿರಿ, ನಾನು ಹೋಗಿ ಕಾಲು ಮುಟ್ಟಿ ಬರುತ್ತೇನೆ.

ಧನಿಗಳು ಬಿಟ್ಟ ಬಾಣ ಬೇರೆ ಇದೆ. ಎತ್ತು ಕಟ್ಟಿ ನಮ್ಮ ಗದ್ದೆ ಹೂಡುವ ಅದ್ದುವನ್ನು ಕರೆಸಿ, "'ನಾನು ಧನಿಗಳ ಕೂಲಿಗೆ ಹೂಡುದು' ಎಂದು ಮಂಡಳಿಯಲ್ಲಿ ಹೇಳು, ನಿನ್ನ ಮನೆಯ ಅಡಿ ನಿನಗೇ ಬರೆದು ಕೊಡುತ್ತೇನೆ" ಎಂದಿದ್ದಾರೆ. ಅದ್ದುವಿಗೆ ಮನೆ ಕಟ್ಟಿದ ನೆಲವೂ ಸ್ವಂತದ್ದಲ್ಲ. ಅವನ ಹೆಂಡತಿ ಕುಂಞಿಪಾತುಮ್ಮ ಬಂದು ನನ್ನ ಜಗಲಿಯಲ್ಲಿ ಕೂತು ಅತ್ತಳು. "ಅವರಿಗೆ ಸುಳ್ಳು ಹೇಳಿ ಎನ್ನಲಿಕ್ಕೂ ಮನಸ್ಸಿಲ್ಲ, ಬೇಡ ಎನ್ನಲಿಕ್ಕೂ ಧೈರ್ಯ ಇಲ್ಲ ಪಂಕಜಕ್ಕ" ಎಂದಳು. ನಾನು ಏನು ಹೇಳಲಿ? ಬೇಡ ಎಂದರೆ ಅವರಿಗೆ ನೆಲ ಸಿಗುವುದನ್ನು ತಪ್ಪಿಸಿದವಳು ನಾನಾಗುತ್ತೇನೆ. ಚಹಾ ಕೊಟ್ಟು ಕಳುಹಿಸಿದೆ. ಇಷ್ಟು ಜನರನ್ನು ಹೀಗೆ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವುದಕ್ಕೆ ಕಾನೂನು ಬೇಕಿತ್ತೇ? ಹಾಗೆಯೇ ಬದುಕುತ್ತಿದ್ದೆವಲ್ಲ.

ಇಲ್ಲ, ಆ ಕೊನೆಯ ಮಾತನ್ನು ಹೊಡೆದು ಹಾಕಿ. ಸಿಟ್ಟಿನಲ್ಲಿ ಬರೆದದ್ದು. ಹಾಗೆ ಬದುಕುವುದು ನನಗೆ ಬೇಡ.

ಪಂಕಜಾಕ್ಷಿ


ಪುತ್ತೂರು
೨೦-೧೨-೧೯೮೦

ಪಂಕಜಾಕ್ಷಿಗೆ ಆಶೀರ್ವಾದಗಳು.

ಜನವರಿಯಲ್ಲಿ ವಿಚಾರಣೆ. ಮಂಡಳಿಯಲ್ಲಿ ವಕೀಲರಿಗೆ ಅವಕಾಶ ಇಲ್ಲ, ನಾವೇ ಮಾತಾಡಬೇಕು. ದಯವಿಟ್ಟು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು. ನೀನು ಬಾಯಿ ತೆರೆದರೆ ನಿಲ್ಲಿಸುವುದಿಲ್ಲ. ನಾನು ಒಳ್ಳೆಯದಾಗುವ ಹಾಗೆಯೇ ಹೇಳುತ್ತೇನೆ, ನಂಬು. ಆ ದಿನ ಒಟ್ಟಿಗೇ ಊಟ ಮಾಡೋಣ.

ದೇರಣ್ಣ


ಗುತ್ತಿಗಾರು
೧೭-೧-೧೯೮೧

ಅಣ್ಣನಿಗೆ,

ನಿಮ್ಮ ಹೇಳಿಕೆ ಮುಗಿದ ಕೂಡಲೇ ನೀವು ಬಸ್ಸು ತಪ್ಪುತ್ತದೆ ಎಂದು ಓಡಿದಿರಿ. ಊಟದ ಮಾತು ಹಾಗೇ ಉಳಿಯಿತು. ನೀವು ಒಳಗೆ ಹೇಳಿದ್ದನ್ನು ನಾನು ಕಿಟಕಿಯ ಹೊರಗೆ ನಿಂತು ಕೇಳಿದೆ. "ಸಾಗುವಳಿ ನನ್ನದು. ಅದ್ದು ನನ್ನ ಪರವಾಗಿ ಹೂಡುದು. ತಂಗಿ ಅಲ್ಲಿ ಮನೆ ನೋಡಿಕೊಂಡು ಇರುದು." ಒಳ್ಳೆಯದಾಗುವ ಹಾಗೆ ಹೇಳಿದ್ದು ಇದೇ ಏನು?

ನೀವು ಹೋದ ಮೇಲೆ ನನ್ನನ್ನು ಕರೆದರು. ಮಂಡಳಿಯ ಅಧ್ಯಕ್ಷ ಸಾಹೇಬರು ಬಯಲುಸೀಮೆಯವರು. ಕೇಳಿದ್ದೆಲ್ಲ ಪಕ್ಕದಲ್ಲಿದ್ದ ನಮ್ಮ ಕಡೆಯ ಸದಸ್ಯರು.

"ನೀನು ನೇಗಿಲು ಹಿಡಿದದ್ದುಂಟಾ?"

"ಇಲ್ಲ. ಹೆಂಗಸರು ನೇಗಿಲು ಮುಟ್ಟುದಿಲ್ಲ. ನಿಮಗೂ ಗೊತ್ತುಂಟಲ್ಲ, ನೀವು ಈ ಊರಿನವರೇ ಅಲ್ವಾ?"

"ಕೇಳಿದ್ದಕ್ಕೆ ಹೇಳಮ್ಮ. ಹೂಡುದು ಯಾರು?"

"ಅದ್ದು."

"ಮತ್ತೆ ನೀನು ಎಂತ ಮಾಡುದು?"

ಹೇಳಿದೆ. ಬಿತ್ತ ಆರಿಸುವುದು, ಸೊಪ್ಪು ತರುವುದು, ಗೊಬ್ಬರ ಹೊರುವುದು, ನೇಜಿ ಕೀಳುವುದು, ನೆಡುವುದು, ನೀರು ಕಟ್ಟುವುದು, ಆನೆ ಇಳಿದರೆ ಡಬ್ಬ ಬಡಿಯುವುದು, ಕೊಯ್ಯುವುದು, ತೆನೆ ಬಡಿಯುವುದು, ಹುಲ್ಲಿನ ಮುಡಿ ಕಟ್ಟಿ ಗೇಣಿ ಅಕ್ಕಿ ಧನಿಗಳ ಅಂಗಳಕ್ಕೆ ಮುಟ್ಟಿಸುವುದು. ಗುಮಾಸ್ತ ಬರೆಯುತ್ತಿರಲಿಲ್ಲ. ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ನಾನು ಮುಗಿಸುವುದನ್ನೇ ಕಾಯುತ್ತಿದ್ದ. ಮುಗಿದ ಮೇಲೆ ಒಂದೇ ಸಾಲು ಬರೆದ. ಏನು ಬರೆದದ್ದು ಎಂದು ಕೇಳಿದೆ. "ಉಳುಮೆ ಮಾಡಿಲ್ಲ ಅಂತ ನೀನೇ ಹೇಳಿದ್ದಲ್ವಾ, ಅದೇ" ಎಂದ.

ಆಗ ನನಗೆ ತಡೆಯಲಿಲ್ಲ. "ಧನಿಗಳು ನೇಗಿಲು ಹಿಡಿದದ್ದನ್ನು ಈ ಕೋಣೆಯಲ್ಲಿ ಯಾರು ನೋಡಿದ್ದೀರಿ? ನನ್ನ ಅಣ್ಣ ಹಿಡಿದದ್ದನ್ನು? ಗಂಡಸರು ಕೊಡೆ ಹಿಡಿದು ಬದುವಿನಲ್ಲಿ ನಿಂತರೂ ಸಾಗುವಳಿ, ನನಗೆ ಮಾತ್ರ ನೇಗಿಲು ಬೇಕಾ? ನೇಗಿಲು ಮುಟ್ಟಬಾರದು ಎಂದವರೂ ನೀವೇ, ಯಾಕೆ ಮುಟ್ಟಲಿಲ್ಲ ಎಂದು ಕೇಳುವವರೂ ನೀವೇ!" ಎಂದೆ. ಹೌದು, ನಿಲ್ಲಿಸಲಿಲ್ಲ. ಕಡೆಗೆ ಸಾಹೇಬರೇ ಸಾಕು ಎಂದರು.

ಅದ್ದು ಸುಳ್ಳು ಹೇಳಲಿಲ್ಲ. "ಹೂಡುದು ನಾನು, ಕರೆಯುದು ಪಂಕಜಕ್ಕ, ಅಕ್ಕಿ ಕೊಡುದೂ ಅವರೇ. ದೇರಣ್ಣನನ್ನು ನಾನು ಕಂಡದ್ದೇ ಅಪರೂಪ" ಎಂದ. ಧನಿಗಳು ಕೊಡುತ್ತೇನೆ ಎಂದಿದ್ದ ಮನೆಯಡಿ ಹೋಯಿತು. ಬರುವಾಗ ಬಸ್ಸಿನಲ್ಲಿ ನನ್ನ ಮುಖ ನೋಡದೆ ಹಿಂದೆ ಕೂತಿದ್ದ. ಹೊರಗಿನವನಾದ ಅವನು ನೆಲ ಕಳೆದುಕೊಂಡು ಹೇಳಿದ ಮಾತನ್ನು ನನ್ನ ಒಡಹುಟ್ಟಿದವರು ಹೇಳಲಿಲ್ಲ. ಇನ್ನು ಬರೆಯಲಾರೆ.

ಪಂಕಜಾಕ್ಷಿ


ಪುತ್ತೂರು
೨೧-೧೧-೧೯೮೧

ಪ್ರೀತಿಯ ತಂಗಿ ಪಂಕಜಾಕ್ಷಿಗೆ ಆಶೀರ್ವಾದಗಳು.

ಗೆದ್ದೆವು! ಆರ್ಡರು ಬಂತು. ಧನಿಗಳ ತಕರಾರು ತಳ್ಳಿ ಹಾಕಿದ್ದಾರೆ. ಗದ್ದೆ, ಗುಡ್ಡೆ, ಮನೆಯಡಿ ಎಲ್ಲ ನಮ್ಮದು. ರಶೀದಿ ನನ್ನ ಹೆಸರಿನಲ್ಲಿ ಇದ್ದುದರಿಂದ ಹಕ್ಕು ನನ್ನ ಹೆಸರಿಗೆ ಬಂದಿದೆ. ನಿನ್ನ ಅರ್ಜಿ ಬಿದ್ದುಹೋಯಿತು, ಅದು ಹೇಗೂ ಬೀಳುವಂಥದ್ದೇ. ಅಂದು ನಾನು ಹಾಗೆ ಹೇಳದಿದ್ದರೆ ಗದ್ದೆ ಧನಿಗಳ ಪಾಲಾಗುತ್ತಿತ್ತು ಎಂದು ಈಗಲಾದರೂ ಒಪ್ಪುತ್ತೀಯಾ?

ಜನವರಿಯ ನಂತರ ಕಾಗದವೇ ಬರೆಯಲಿಲ್ಲ ನೀನು. ಸಿಟ್ಟು ಬಿಡು. ಅತ್ತಿಗೆ ಪಾಯಸ ಮಾಡಿದ್ದಳು, ನಿನ್ನನ್ನು ನೆನೆದೆವು.

ಅಣ್ಣ
ದೇರಣ್ಣ


ಗುತ್ತಿಗಾರು
೫-೧೨-೧೯೮೧

ಯಜಮಾನರಿಗೆ,

ಆರ್ಡರಿನ ನಕಲು ನನಗೂ ಬಂತು. ಸಾಗುವಳಿದಾರರು ನೀವು ಎಂದು ಸರಕಾರವೇ ಹೇಳಿದ ಮೇಲೆ ನಾನು ಇಲ್ಲ ಎನ್ನಲು ಯಾರು? ಈಗ ನೆಟ್ಟಿರುವ ಸುಗ್ಗಿ ಬೆಳೆಯನ್ನು ಕೊಯ್ದು ಒಳಗೆ ಹಾಕುತ್ತೇನೆ. ಮಳೆ ಹಿಡಿದ ಮೇಲಿನ ಏಣೆಲು ಬೆಳೆ ನಿಮ್ಮದು. ಬನ್ನಿ, ಸಾಗುವಳಿ ಮಾಡಿ. ನಾನು ಮನೆ ನೋಡಿಕೊಂಡು ಇರುತ್ತೇನೆ.

ತಮಾಷೆಯಲ್ಲ ಅಣ್ಣಾ.

ಪಂಕಜಾಕ್ಷಿ


ಪುತ್ತೂರು
೧೪-೭-೧೯೮೨

ಪಂಕಜಾಕ್ಷಿಗೆ,

ಗುತ್ತಿಗಾರಿನಿಂದ ಬಂದು ಎರಡು ದಿನವಾಯಿತು, ಸೊಂಟ ಇನ್ನೂ ನೆಟ್ಟಗಾಗಿಲ್ಲ. ಮಂಡಿಯಲ್ಲಿ ಎಲ್ಲರೂ ನಗುತ್ತಾರೆ.

ನಿನ್ನ ಹಟಕ್ಕೆ ಒಂದು ನಮಸ್ಕಾರ. ಅದ್ದು ಹೂಡಿ ಕೊಟ್ಟ, ಅದು ಅವನ ದೊಡ್ಡತನ. ನೇಜಿ ಬಂತು. ನೆಡಲು ಹೆಂಗಸರನ್ನು ಕರೆಯಲು ಮನೆ ಮನೆಗೆ ನಾನೇ ಹೋದೆ. ಕೂಲಿ ಹೆಚ್ಚು ಕೊಡುತ್ತೇನೆ ಎಂದೆ. ಎಲ್ಲರದ್ದೂ ಒಂದೇ ಉತ್ತರ: "ಮನೆಯ ಹೆಂಗಸು ಮೊದಲ ಹಿಡಿ ನೆಡದೆ ನಾವು ಗದ್ದೆಗೆ ಇಳಿಯುದು ಹೇಗೆ? ಪಂಕಜಕ್ಕ ಇಳಿಯಲಿ, ನಾವು ಬರುದು." ನಿನ್ನ ಅತ್ತಿಗೆಯನ್ನು ಕರೆದುಕೊಂಡು ಬಂದು ಇಳಿಸಿದೆ. "ಇವರು ಮರ್ಕಂಜದ ಮನೆಯವರಲ್ವಾ, ಈ ಮನೆಯವರಲ್ಲವಲ್ಲ" ಎಂದು ಅವಳ ಎದುರೇ ಹೇಳಿದರು. ನೀನು ಜಗಲಿಯಲ್ಲಿ ಕೂತು ಬಸಳೆ ಸೋಸುತ್ತಾ ಎಲ್ಲವನ್ನೂ ನೋಡುತ್ತಿದ್ದೆ. ನಾನೊಬ್ಬನೇ ಇಳಿದು ನೆಟ್ಟದ್ದು ಮರುದಿನ ನೀರಿನಲ್ಲಿ ತೇಲುತ್ತಿತ್ತು.

ಗದ್ದೆ ಬೆಳೆಯಿಲ್ಲದೆ ಹಡಿಲು ಬಿದ್ದರೆ ಸ್ವಂತ ಸಾಗುವಳಿ ಇಲ್ಲ ಎಂದು ಧನಿಗಳು ಅರ್ಜಿ ಹಾಕಲು ಕಾಯುತ್ತಿದ್ದಾರೆ. ಇದು ಒಂದು ತಲೆಬಿಸಿ. ಇನ್ನೊಂದು ಮನೆಯೊಳಗಿನದ್ದು. ನಿನ್ನೆ ಉದಯಶಂಕರ ಊಟಕ್ಕೆ ಕೂತವನು, "ಸರಕಾರ ಕೊಟ್ಟ ಗದ್ದೆ ಹದಿನೈದು ವರ್ಷ ಮಾರಬಾರದು, ಅಷ್ಟೇ ಅಲ್ವಾ ಅಪ್ಪಾ? ಆಮೇಲೆ ನೆಲ್ಯಾಡಿಯ ರಬ್ಬರಿನವರಿಗೆ ಕೊಟ್ಟರಾಯಿತು. ಅತ್ತೆ ಅಷ್ಟರಲ್ಲಿ ಮುದುಕಿ ಆಗುತ್ತಾರೆ" ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಸಾರು ಬಡಿಸು ಎನ್ನುವಷ್ಟು ಸಲೀಸಾಗಿ ಹೇಳಿದ. ನಾನಿನ್ನೂ ಎದುರಿಗೆ ಕೂತು ಉಣ್ಣುತ್ತಿದ್ದೇನೆ ತಂಗೀ. ಅರ್ಧ ಊಟಕ್ಕೇ ಕೈ ತೊಳೆದು ಎದ್ದೆ. ನೀನು ಐದು ವರ್ಷದಿಂದ ಬರೆಯುತ್ತಿದ್ದದ್ದು ಇದನ್ನೇ ಅಲ್ಲವೇ?

ಮಾರಲು ಆಗದಿದ್ದರೂ ಕುಟುಂಬದೊಳಗೆ ಪಾಲು ಮಾಡಿಕೊಳ್ಳಬಹುದಂತೆ. ಗದ್ದೆ, ಮನೆಯಡಿ ನಿನಗೆ. ಗುಡ್ಡೆಯ ಗೇರುಮರಗಳಿರುವ ತುಂಡು ನನಗೆ. ಅತ್ತಿಗೆ ಮುಖ ಊದಿಸಿಕೊಂಡಿದ್ದಾಳೆ, ಊದಿಸಲಿ. ೨೩ನೇ ತಾರೀಕು ಶುಕ್ರವಾರ ಸುಳ್ಯದ ನೋಂದಣಿ ಕಚೇರಿಗೆ ಬಾ. ಅರ್ಧ ದಿನ ಮಾತ್ರ ರಜೆ. ನಾನು ರುಜು ಹಾಕಿ ಓಡಬೇಕು.

ದೇರಣ್ಣ


ಗುತ್ತಿಗಾರು
೨೩-೭-೧೯೮೨, ಶುಕ್ರವಾರ ಸಂಜೆ

ಅಣ್ಣನಿಗೆ ಪಂಕಜಾಕ್ಷಿಯ ನಮಸ್ಕಾರಗಳು.

ಈ ಕಾಗದ ಓದುವ ಮೊದಲು ಕೂತುಕೊಳ್ಳಿ. ಪಾಲುಪಟ್ಟಿ ಇವತ್ತು ನೋಂದಣಿ ಆಗಲಿಲ್ಲ. ನಾನು ರುಜು ಹಾಕಲಿಲ್ಲ. ಬೈಯುವುದನ್ನು ಕೊನೆಗೆ ಬೈಯಿರಿ.

ದಸ್ತಾವೇಜು ಬರಹಗಾರರು ಬರೆದದ್ದಕ್ಕೆ ನೀವು ಓದದೆ ರುಜು ಹಾಕಿ ಬಸ್ಸಿಗೆ ಓಡಿದಿರಿ. ಸಾಕ್ಷಿಗೆ ಬಂದಿದ್ದ ಅದ್ದುವೂ ರುಜು ಹಾಕಿದ. ನಾನು ಓದುತ್ತೇನೆ ಎಂದೆ. "ಎಲ್ಲ ಸರಿ ಉಂಟು, ಹಾಕಿ ಮಾರಾಯ್ತಿ, ಹಿಂದೆ ಜನ ಕಾಯ್ತಾ ಇದ್ದಾರೆ" ಎಂದರು ಬರಹಗಾರರು. ಓದಿದೆ. ನಿಮ್ಮ ಹೆಸರಿನ ಮುಂದೆ "ಕಸುಬು: ಮಂಡಿಯಲ್ಲಿ ಗುಮಾಸ್ತಗಿರಿ" ಎಂದಿದೆ. ಸರಿ. ನನ್ನ ಹೆಸರಿನ ಮುಂದೆ "ಕಸುಬು: ಮನೆಗೆಲಸ" ಎಂದಿದೆ.

"ಇದನ್ನು ಯಾರು ಹೇಳಿದ್ದು ನಿಮಗೆ?" ಎಂದೆ.

"ಹೇಳುದೆಂತ? ಹೆಂಗಸರಿಗೆಲ್ಲ ಹಾಗೇ ಬರೆಯುದು."

"ಬೇಸಾಯ ಎಂದು ಬರೆಯಿರಿ."

"ಇದರಿಂದ ಗದ್ದೆ ಹೆಚ್ಚು ಕಮ್ಮಿ ಆಗುದಿಲ್ಲ ಅಕ್ಕಾ. ಛಾಪಾ ಕಾಗದ ಹಾಳು. ಆ ಪುಟ ಪೂರ್ತಿ ಬೇರೆ ಬರೆಯಬೇಕು, ನಿಮ್ಮ ಅಣ್ಣ ಮತ್ತೊಮ್ಮೆ ಬಂದು ರುಜು ಹಾಕಬೇಕು."

ಹಾಳಾಗಲಿ ಎಂದೆ. ಅದ್ದು ತಲೆಗೆ ಕೈ ಹೊತ್ತುಕೊಂಡು ಮೆಟ್ಟಿಲಲ್ಲಿ ಕೂತ. "ದೇರಣ್ಣ ಮನಸ್ಸು ಬದಲಿಸಿದರೆ ಎಂತ ಮಾಡುದು ಪಂಕಜಕ್ಕ? ಒಂದು ಮಾತಿಗಾಗಿ ಗದ್ದೆ ಕಳಕೊಳ್ತೀರಾ?" ಎಂದ. ಅವನು ಹೇಳಿದ್ದು ಸುಳ್ಳಲ್ಲ. ಬರುವಾಗ ಬಸ್ಸಿನಲ್ಲಿ ಇಡೀ ದಾರಿ ಅದೇ ಹೆದರಿಕೆ. ಈ ಕಾಗದ ಓದಿ ನಿಮಗೆ ಸಿಟ್ಟು ಬಂದು, ಅತ್ತಿಗೆ ಒಂದು ಮಾತು ಹೇಳಿ, "ಸಾಯಲಿ, ಇವಳದ್ದು ಯಾವಾಗಲೂ ಇಷ್ಟೇ" ಎಂದು ನೀವು ಬಾರದೆ ಉಳಿದರೆ ನನ್ನ ಕೈಯಲ್ಲಿ ಏನೂ ಇಲ್ಲ. ನೇಜಿಯೂ ಬಲಿತು ಹೋಗಿದೆ. ಇನ್ನೊಂದು ವಾರ ತಡವಾದರೆ ಅರ್ಧ ಬೆಳೆಯೂ ಸಿಗುವುದಿಲ್ಲ. ಎಲ್ಲವೂ ಗೊತ್ತಿದ್ದೇ ಬೇಡ ಎಂದು ಬಂದೆ.

ಮಂಡಳಿಯಲ್ಲಿ ನಾನು ಅಷ್ಟೆಲ್ಲ ಹೇಳಿದಾಗ ಆ ಗುಮಾಸ್ತ ಪೆನ್ನು ಕಿವಿಯಿಂದ ತೆಗೆಯಲಿಲ್ಲ ಅಣ್ಣಾ. ಅಂದು ಅವನಿಂದ ಬರೆಯಿಸಲು ನನ್ನಿಂದ ಆಗಲಿಲ್ಲ. ಇವತ್ತು ನನ್ನ ರುಜು ಇಲ್ಲದೆ ಅವರ ಕೆಲಸ ಆಗುವುದಿಲ್ಲ. ನನ್ನ ಜೀವಮಾನದಲ್ಲಿ ಹೀಗೆ ಆದದ್ದು ಇದೇ ಮೊದಲು. ಗದ್ದೆ ನೀವು ತಂಗಿಗೆ ಕೊಟ್ಟ ಉಡುಗೊರೆಯಾಗಿ ನನಗೆ ಬೇಡ. ದುಡಿದವಳದ್ದು ಎಂದು ಬೇಕು. ನಾಳೆ ಅಮ್ಮು ಆ ಪತ್ರ ತೆಗೆದು ಓದಿದರೆ ಅವಳಿಗೆ ಗೊತ್ತಾಗಬೇಕು.

ಗುರುವಾರ ಹತ್ತು ಗಂಟೆಗೆ ಹೊಸ ಕಾಗದ ಬರೆದು ಇಡುತ್ತಾರೆ. ಪೂರ್ತಿ ದಿನ ರಜೆ ಕೇಳಿ. ಈ ಸಲವಾದರೂ ಒಟ್ಟಿಗೆ ಊಟ ಮಾಡೋಣ. ಮತ್ತೆ, ರುಜು ಹಾಕುವ ಮೊದಲು ನನ್ನ ಹೆಸರಿನ ಮುಂದೆ ಏನು ಬರೆದಿದೆ ಎಂದು ನೀವೇ ಗಟ್ಟಿಯಾಗಿ ಓದಿ ಹೇಳಿ. ಬರಹಗಾರರಿಗೂ ಕೇಳಲಿ, ಹಿಂದೆ ಕಾಯುವವರಿಗೂ ಕೇಳಲಿ.

ನಿಮ್ಮ ದಾರಿ ಕಾಯುವ
ಪಂಕಜಾಕ್ಷಿ